100 ಎಂಬಿಪಿಎಸ್ ಫೈಬರ್ ಇದ್ದರೂ ಕ್ಲೌಡ್ ಗೇಮಿಂಗ್ ತಡವರಿಸುತ್ತಿದೆ. ಎಲ್ಲಿ ನೋಡಬೇಕು?

ಪ್ರಶ್ನೆ: ಹಳೇ_ಲ್ಯಾಪ್‌ಟಾಪ್

ಎಲ್ಲರಿಗೂ ನಮಸ್ಕಾರ. ಮನೆ ಮೈಸೂರಿನಲ್ಲಿ, 100 ಎಂಬಿಪಿಎಸ್ ಫೈಬರ್. ಲ್ಯಾಪ್‌ಟಾಪ್ ಐದನೇ ತಲೆಮಾರಿನ ಇಂಟೆಲ್ ಐ5, 8 ಜಿಬಿ ರ್‍ಯಾಮ್, ಸ್ಕ್ರೀನ್ 1366×768. ಗ್ರಾಫಿಕ್ಸ್ ಕಾರ್ಡ್ ಇಲ್ಲ, ಅದಕ್ಕೇ ಕ್ಲೌಡ್ ಗೇಮಿಂಗ್ ಚಂದಾ (ಆಟ ದೂರದ ಸರ್ವರಿನಲ್ಲಿ ಓಡುತ್ತದೆ, ಅದರ ವಿಡಿಯೊ ಮಾತ್ರ ಇಲ್ಲಿಗೆ ಬರುತ್ತದೆ). ಸ್ಪೀಡ್ ಟೆಸ್ಟ್‌ನಲ್ಲಿ 95ರ ಮೇಲೆ ಬರುತ್ತದೆ. ಆದರೂ ಬಟನ್ ಒತ್ತಿದ ಮೇಲೆ ಪಾತ್ರ ಅಲುಗಾಡುವುದು ತಡ, ರಾತ್ರಿ ಹೊತ್ತು ಇನ್ನೂ ಜಾಸ್ತಿ. ನಡುನಡುವೆ ಚಿತ್ರ ಚೌಕಚೌಕವಾಗಿ ಒಡೆದು ಮತ್ತೆ ಸರಿಹೋಗುತ್ತದೆ. ಮನೆಯಲ್ಲಿ ಯಾರಾದರೂ ಫೋನಿನಿಂದ ಫೋಟೊ ಬ್ಯಾಕಪ್ ಶುರುಮಾಡಿದರೆ ಆಟ ನಿಂತೇ ಹೋಗುತ್ತದೆ. ರೂಟರ್ ಹಾಲ್‌ನಲ್ಲಿ, ಆಡುವುದು ರೂಮಿನಲ್ಲಿ, ವೈಫೈ ಮೇಲೆ. ಕಂಟ್ರೋಲರ್ ಬ್ಲೂಟೂತ್.

200 ಎಂಬಿಪಿಎಸ್ ಪ್ಲಾನಿಗೆ ಹೋದರೆ ಸರಿಹೋಗುತ್ತದಾ? ಇನ್ನೊಂದು ವಿಷಯ: ಇಂಥದೇ ಸೇವೆ ಕೊಡುತ್ತಿದ್ದ ಆನ್‌ಲೈವ್ ಮುಚ್ಚಿತು, ಗೂಗಲ್‌ನ ಸ್ಟೇಡಿಯಾನೂ ಮುಚ್ಚಿತು. ತೊಂದರೆ ತಂತ್ರಜ್ಞಾನದಲ್ಲೇ ಇದೆಯಾ, ಬೇರೆ ಕಾರಣವಾ? ಒಂದು ವರ್ಷದ ಚಂದಾ ಒಟ್ಟಿಗೆ ಕಟ್ಟುವ ಮುಂಚೆ ತಿಳಿದುಕೊಳ್ಳಬೇಕು.

ಉತ್ತರ 1: ಪಿಂಗ್_ಮೊದಲು

ಪ್ಲಾನ್ ಬದಲಿಸಬೇಡಿ ಸರ್, ದುಡ್ಡು ದಂಡ. ಎನ್ವಿಡಿಯಾದ ಕ್ಲೌಡ್ ಗೇಮಿಂಗ್ ಸೇವೆ ಜಿಫೋರ್ಸ್ ನೌ ಕೇಳುವುದೇ 720ಪಿಗೆ 15 ಎಂಬಿಪಿಎಸ್, 1080ಪಿಗೆ 25. ಸ್ಟೇಡಿಯಾ 4ಕೆಗೂ 35 ಸಾಕು ಅನ್ನುತ್ತಿತ್ತು. ನಿಮ್ಮ ಹತ್ತಿರ ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಇದೆ. ಜಿಫೋರ್ಸ್ ನೌ ಹಾಕುವ ಎರಡನೇ ಷರತ್ತು ನೋಡಿ: ಸರ್ವರ್‌ವರೆಗಿನ ಪಿಂಗ್ (ಒಂದು ಸಂದೇಶ ಹೋಗಿಬರುವ ಹೊತ್ತು) 80 ಮಿಲಿಸೆಕೆಂಡಿನ ಒಳಗಿರಬೇಕು, 40ರ ಒಳಗಿದ್ದರೆ ಒಳ್ಳೆಯದು. ಸ್ಪೀಡ್ ಟೆಸ್ಟ್‌ನಲ್ಲಿ ಎಲ್ಲರೂ ನೋಡುವ ದೊಡ್ಡ ಅಂಕಿ ಇದರ ಬಗ್ಗೆ ಏನೂ ಹೇಳುವುದಿಲ್ಲ.

ಸಿನಿಮಾ ಆದರೆ ಮುಂದಿನ ಹಲವು ಸೆಕೆಂಡುಗಳ ವಿಡಿಯೊ ಮೊದಲೇ ಇಳಿದು ಕೂತಿರುತ್ತದೆ, ನೆಟ್ ಮಧ್ಯೆ ಕೈಕೊಟ್ಟರೂ ಗೊತ್ತಾಗುವುದಿಲ್ಲ. ಆಟದಲ್ಲಿ ಮುಂದಿನ ಫ್ರೇಮ್ ನೀವು ಬಟನ್ ಒತ್ತುವವರೆಗೆ ಹುಟ್ಟಿಯೇ ಇರುವುದಿಲ್ಲ, ಮೊದಲೇ ಇಳಿಸಿಟ್ಟುಕೊಳ್ಳುವುದು ಎಲ್ಲಿಂದ? ಕಳೆದುಹೋದ ಪ್ಯಾಕೆಟ್ಟನ್ನು (ಡೇಟಾದ ಸಣ್ಣ ತುಂಡನ್ನು) ಮತ್ತೆ ತರಿಸುವಷ್ಟು ಹೊತ್ತೂ ಇರುವುದಿಲ್ಲ. ಹಾಗಾಗಿ ಪ್ಯಾಕೆಟ್ ಬಿದ್ದಲ್ಲಿ ಚಿತ್ರ ಒಡೆಯುತ್ತದೆ, ಸರ್ವರ್ ಆ ಭಾಗವನ್ನು ಹೊಸದಾಗಿ ಕಳಿಸಿದಾಗ ಸರಿಹೋಗುತ್ತದೆ. ನೀವು ಹೇಳುವ ಚೌಕಗಳು ಇವೇ.

ಇನ್ನು ದೂರ. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಅಂದರೆ ಪ್ರತಿ 100 ಕಿಲೋಮೀಟರಿಗೆ ಹೋಗಿಬರಲು 1 ಮಿಲಿಸೆಕೆಂಡ್. ಮುಂಬೈ ಸರ್ವರ್ ಆದರೆ ಲೆಕ್ಕಕ್ಕೆ 10ರ ಆಸುಪಾಸು, ದಾರಿಯ ರೂಟರ್‌ಗಳು, ಸುತ್ತುಬಳಸು ಸೇರಿದರೆ ಅದರ ಎರಡು ಮೂರು ಪಟ್ಟು. ಸಿಂಗಾಪುರ ಆದರೆ ಚೆನ್ನೈನಿಂದ ಸಮುದ್ರದ ಕೇಬಲ್ ಹಿಡಿದು 3000 ಕಿಲೋಮೀಟರಿಗೂ ಹೆಚ್ಚು, ಕನಿಷ್ಠವೇ 30 ದಾಟುತ್ತದೆ. ಯಾವ ಪ್ಲಾನ್ ತೆಗೆದುಕೊಂಡರೂ ಇದು ಕಮ್ಮಿಯಾಗುವುದಿಲ್ಲ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಯಾವ ಊರಿನ ಸರ್ವರ್ ಸಿಗುತ್ತಿದೆ ಅಂತ ಮೊದಲು ನೋಡಿ. ‘ಆಟೊ’ ಅಂತಿದ್ದರೆ ತೆಗೆದು ಹತ್ತಿರದ್ದನ್ನೇ ಆರಿಸಿ.

ಆಮೇಲೆ ಮೂರು ಪಿಂಗ್ ಟೆಸ್ಟ್ ಮಾಡಿ, ಒಂದೊಂದಕ್ಕೂ ನೂರು ಪ್ಯಾಕೆಟ್. ಮೊದಲನೆಯದು ರೂಟರಿಗೆ, ಸಾಮಾನ್ಯವಾಗಿ 192.168.1.1. ಇದು 2ರಿಂದ 5 ಮಿಲಿಸೆಕೆಂಡಿನಲ್ಲಿ ಇರಬೇಕು. ನಡುವೆ 40, 90 ಅಂತ ಜಿಗಿದರೆ ತೊಂದರೆ ವೈಫೈಯಲ್ಲಿ, ಕಂಪನಿಯವರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಎರಡನೆಯದು 8.8.8.8ಗೆ (ಗೂಗಲ್‌ನ ಸರ್ವರ್), ಮನೆಯಲ್ಲಿ ಬೇರೆ ಯಾರೂ ನೆಟ್ ಬಳಸದಿದ್ದಾಗ. ಮೂರನೆಯದೂ 8.8.8.8ಗೇ, ಆದರೆ ಆಗ ಒಂದು ದೊಡ್ಡ ಫೈಲ್ ಅಪ್‌ಲೋಡ್ ಆಗುತ್ತಿರಬೇಕು. ಎರಡಕ್ಕೂ ಮೂರಕ್ಕೂ ಇರುವ ಅಂತರವೇ ನಿಮ್ಮ ಫೋಟೊ ಬ್ಯಾಕಪ್ ತೊಂದರೆ. ಸರಾಸರಿಯನ್ನು ಮಾತ್ರ ನೋಡಬೇಡಿ, ಏರಿಳಿತ ನೋಡಿ. ಒಂದೇ ಸಮ 45 ಇದ್ದರೆ ಕೈ ಒಗ್ಗಿಕೊಳ್ಳುತ್ತದೆ, 20ಕ್ಕೂ 80ಕ್ಕೂ ಹಾರಾಡುತ್ತಿದ್ದರೆ ಒಗ್ಗುವುದೇ ಇಲ್ಲ.

ಉತ್ತರ 2: ರೂಟರ್_ರಿಪೇರಿ

ಮೇಲಿನವರು ಹೇಳಿದ್ದು ಸರಿ. ವೈಫೈ ವಿಷಯಕ್ಕೆ ಬರುತ್ತೇನೆ.

ಹಾಲ್‌ನಿಂದ ರೂಮಿಗೆ ಕೇಬಲ್ ಎಳೆಯಲು ಸಾಧ್ಯವಿದ್ದರೆ ಅದನ್ನೇ ಮಾಡಿ. ಕ್ಯಾಟ್ 5ಇ ಸಾಕು, 100 ಮೀಟರ್‌ವರೆಗೂ ಗಿಗಾಬಿಟ್ ಒಯ್ಯುತ್ತದೆ. ಆಗದಿದ್ದರೆ ವೈಫೈಯ 5 ಗಿಗಾಹರ್ಟ್ಸ್ ಬ್ಯಾಂಡಿಗೆ ಬೇರೆ ಹೆಸರು ಕೊಟ್ಟು ಲ್ಯಾಪ್‌ಟಾಪನ್ನು ಅದಕ್ಕೇ ಕಟ್ಟಿಹಾಕಿ. ಒಂದೇ ಹೆಸರಿದ್ದರೆ ಸಿಗ್ನಲ್ ಸ್ವಲ್ಪ ಇಳಿದ ಕೂಡಲೇ 2.4ಕ್ಕೆ ಜಾರುತ್ತದೆ. ನಿಮ್ಮ ಬ್ಲೂಟೂತ್ ಕಂಟ್ರೋಲರ್ ಓಡುವುದೂ 2.4ರಲ್ಲೇ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ, ಬ್ಲೂಟೂತ್ ಎರಡೂ ಒಂದೇ ಕಾರ್ಡಿನಲ್ಲಿದ್ದು ಆಂಟೆನಾ ಹಂಚಿಕೊಳ್ಳುತ್ತವೆ. ಹಾಗಾಗಿ ಚಿತ್ರವೂ ತಡವರಿಸುತ್ತದೆ, ಬಟನ್ನೂ ತಡವಾಗುತ್ತದೆ. ಕಂಟ್ರೋಲರಿಗೆ ಯುಎಸ್‌ಬಿ ವೈರ್ ಹಾಕಿ ನೋಡಿ, ಖರ್ಚಿಲ್ಲದ ಪರೀಕ್ಷೆ. 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ 36ರಿಂದ 48 ಅಥವಾ 149ರಿಂದ 161ರ ಒಳಗೆ ಇಡಿ. ನಡುವಿನ ಚಾನೆಲ್‌ಗಳಲ್ಲಿ ರೇಡಾರ್ ಸುಳಿವು ಸಿಕ್ಕಿದರೆ ರೂಟರ್ ಜಾಗ ಖಾಲಿಮಾಡಬೇಕು, ಆಗ ಸಂಪರ್ಕ ಕಡಿಯುತ್ತದೆ. ಅಪಾರ್ಟ್‌ಮೆಂಟ್ ಆದರೆ ಚಾನೆಲ್ ಅಗಲವನ್ನು 80ರಿಂದ 40ಕ್ಕೆ ಇಳಿಸಿ. ವೇಗ ಇಳಿಯುತ್ತದೆ, ಸ್ಥಿರತೆ ಬರುತ್ತದೆ.

ಈಗ ಬ್ಯಾಕಪ್. ಫೋನು ತನಗೆ ಸಿಕ್ಕಷ್ಟೂ ಅಪ್‌ಲೋಡ್ ತುಂಬುತ್ತದೆ. ರೂಟರಿನಲ್ಲೋ ಗೋಡೆಯ ಮೇಲಿನ ಓಎನ್‌ಟಿ ಡಬ್ಬಿಯಲ್ಲೋ (ಫೈಬರ್ ಬಂದು ಸೇರುವ ಡಬ್ಬಿ) ದೊಡ್ಡ ಬಫರ್ ಇರುತ್ತದೆ, ಪ್ಯಾಕೆಟ್‌ಗಳು ಅಲ್ಲಿ ಸಾಲುಗಟ್ಟುತ್ತವೆ. ನಿಮ್ಮ ಬಟನ್ ಒತ್ತಿದ ಪುಟ್ಟ ಪ್ಯಾಕೆಟ್ ಆ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ರೂಟರಿನ ‘ಗೇಮ್ ಮೋಡ್’ ಆನ್ ಮಾಡಿ ಸುಮ್ಮನಾದರೆ ಹೆಚ್ಚಿನಂಶ ಪ್ರಯೋಜನವಿಲ್ಲ, ಯಾಕೆಂದರೆ ಸಾಲು ಬೆಳೆಯುತ್ತಿರುವುದು ಓಎನ್‌ಟಿಯಲ್ಲಿದ್ದರೆ ಅಲ್ಲಿ ಆದ್ಯತೆ ಕೊಡಲು ನಿಮ್ಮ ರೂಟರಿಗೆ ಅಧಿಕಾರವೇ ಇಲ್ಲ. ಲೈನಿನ ವೇಗಕ್ಕಿಂತ ಸ್ವಲ್ಪ ಕೆಳಗೆ ರೂಟರಿನಲ್ಲೇ ಕಡಿವಾಣ ಹಾಕಬೇಕು. ಆಗ ಸಾಲು ರೂಟರಿನಲ್ಲೇ ನಿಲ್ಲುತ್ತದೆ, ಅದನ್ನು ನ್ಯಾಯವಾಗಿ ಹಂಚುವ ಕೆಲಸ ಎಸ್‌ಕ್ಯೂಎಂ (ಸಾಲು ನಿಭಾಯಿಸುವ ತಂತ್ರಾಂಶ) ಮಾಡುತ್ತದೆ.

ಓಪನ್‌ಡಬ್ಲ್ಯೂಆರ್‌ಟಿ (ರೂಟರಿಗೆ ಹಾಕುವ ಉಚಿತ ತಂತ್ರಾಂಶ) ಹಾಕಲು ಬರುವ ರೂಟರ್ ಆದರೆ ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ, ವ್ಯಾನ್ (ಹೊರಗಿನ ಇಂಟರ್‌ನೆಟ್ ಕಡೆಯ) ಇಂಟರ್‌ಫೇಸ್ ಆರಿಸಿ, ಡೌನ್‌ಲೋಡ್ 90000, ಅಪ್‌ಲೋಡ್ 90000 ಕಿಲೋಬಿಟ್ ಕೊಟ್ಟು, ಕ್ಯೂ ಡಿಸಿಪ್ಲಿನ್‌ನಲ್ಲಿ ‘ಕೇಕ್’ ಆರಿಸಿ. ಮೂರನೇ ಪಿಂಗ್ ಟೆಸ್ಟ್ ಮತ್ತೆ ಮಾಡಿ. ಇನ್ನೂ ಏರುತ್ತಿದ್ದರೆ 5000ದಂತೆ ಇಳಿಸುತ್ತಾ ಬನ್ನಿ. ಫ್ಲೋ ಆಫ್‌ಲೋಡಿಂಗ್ (ಪ್ಯಾಕೆಟ್‌ಗಳನ್ನು ಬೇಗ ದಾಟಿಸುವ ಅಡ್ಡದಾರಿ) ಆಫ್ ಮಾಡುವುದನ್ನು ಮರೆಯಬೇಡಿ. ಅದು ಆನ್ ಇದ್ದರೆ ಪ್ಯಾಕೆಟ್‌ಗಳು ಎಸ್‌ಕ್ಯೂಎಂ ಅನ್ನು ಮುಟ್ಟದೇ ಹಾದುಹೋಗಬಹುದು, ‘ಸೆಟ್ ಮಾಡಿದೆ, ಏನೂ ಬದಲಾಗಲಿಲ್ಲ’ ಅನ್ನುವ ದೂರುಗಳಿಗೆ ಇದೂ ಒಂದು ಕಾರಣ. ಕಂಪನಿ ಕೊಟ್ಟ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಬರೀ ಸಂಪರ್ಕ ದಾಟಿಸುವಂತೆ) ಹಾಕಿಸಿಕೊಂಡು ಹಿಂದೆ ನಿಮ್ಮ ರೂಟರ್ ಇಡಿ. ಬ್ರಿಡ್ಜ್ ಕೊಡದಿದ್ದರೂ ಚಿಂತೆಯಿಲ್ಲ, ಕ್ಲೌಡ್ ಗೇಮಿಂಗ್‌ಗೆ ಡಬಲ್ ನ್ಯಾಟ್ (ಒಂದರ ಹಿಂದೆ ಒಂದು ಎರಡು ರೂಟರ್) ಅಡ್ಡಿಯಾಗುವುದಿಲ್ಲ.

ಮನೆಯಲ್ಲಿ ಯಾರೂ ಬಳಸದಿದ್ದರೂ ರಾತ್ರಿ ಪಿಂಗ್ ಏರುತ್ತಿದ್ದರೆ ಮಾತ್ರ ಅದು ಹೊರಗಿನ ತೊಂದರೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಟ್ರೇಸ್‌ರೂಟ್ (ಪ್ಯಾಕೆಟ್ ಹಾದುಹೋಗುವ ದಾರಿಯ ಪಟ್ಟಿ) ತೆಗೆದು ಎರಡನ್ನೂ ದೂರಿಗೆ ಲಗತ್ತಿಸಿ.

ಉತ್ತರ 3: ಕೋಡೆಕ್

ಲ್ಯಾಪ್‌ಟಾಪ್ ಕಡೆ ಯಾರೂ ನೋಡಲಿಲ್ಲ. ಐದನೇ ತಲೆಮಾರಿನ ಇಂಟೆಲ್ ಚಿಪ್ ಹಾರ್ಡ್‌ವೇರಿನಲ್ಲಿ ಸಲೀಸಾಗಿ ಬಿಡಿಸುವುದು ಎಚ್.264 ಎಂಬ ಕೋಡೆಕ್ (ವಿಡಿಯೊ ಕುಗ್ಗಿಸಿ ಬಿಡಿಸುವ ವಿಧಾನ) ಮಾತ್ರ. ಎಚ್‌ಇವಿಸಿ ಪೂರ್ತಿ ಬಂದದ್ದು ಆರನೇ ತಲೆಮಾರಿಗೆ, ಎವಿ1 ಬಂದದ್ದು ಹನ್ನೊಂದನೆಯದಕ್ಕೆ. ಆ್ಯಪ್ ಬೇರೆ ಕೋಡೆಕ್ ಹಿಡಿದರೆ ಇಡೀ ಭಾರ ಸಿಪಿಯು ಮೇಲೆ ಬೀಳುತ್ತದೆ. 60 ಎಫ್‌ಪಿಎಸ್‌ನಲ್ಲಿ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್, ಅದರೊಳಗೆ ಮುಗಿಯದಿದ್ದರೆ ಫ್ರೇಮ್ ಬಿದ್ದುಹೋಗುತ್ತದೆ.

ಟಾಸ್ಕ್ ಮ್ಯಾನೇಜರ್ ತೆರೆದು ಜಿಪಿಯು (ಗ್ರಾಫಿಕ್ಸ್ ಚಿಪ್) ಪುಟದ ‘ವಿಡಿಯೊ ಡಿಕೋಡ್’ ಗ್ರಾಫ್ ನೋಡಿ. ಆಟ ಓಡುವಾಗ ಅದು ಸೊನ್ನೆಯಲ್ಲಿದ್ದು ಸಿಪಿಯು 80% ಇದ್ದರೆ ಕಾರಣ ಸಿಕ್ಕಿತು ಅಂತಲೇ. ಬ್ರೌಸರಿನಲ್ಲಿ ಹಾರ್ಡ್‌ವೇರ್ ಆ್ಯಕ್ಸಲರೇಶನ್ ಆನ್ ಮಾಡಿ, ಕೋಡೆಕ್ ಆರಿಸಲು ಬಿಟ್ಟರೆ ಎಚ್.264 ಕೊಡಿ, ಚಾರ್ಜರ್ ಹಾಕಿಯೇ ಆಡಿ. ನಿಮ್ಮ ಸ್ಕ್ರೀನ್ 1366×768. 1080ಪಿ ತರಿಸಿಕೊಂಡು ಕುಗ್ಗಿಸುವುದು ವ್ಯರ್ಥ, 720ಪಿ 60ಕ್ಕೆ ಇಳಿಸಿ. ಆಟದ ಒಳಗಿನ ವಿ-ಸಿಂಕ್ (ಫ್ರೇಮನ್ನು ಸ್ಕ್ರೀನಿನ ಲಯಕ್ಕೆ ಕಾಯಿಸುವ ಸೆಟ್ಟಿಂಗ್) ಆಫ್ ಮಾಡಿ. ಮುಂದೆ ಟಿವಿಗೆ ಹಚ್ಚಿದರೆ ಟಿವಿಯ ಗೇಮ್ ಮೋಡ್ ಆನ್ ಇರಲಿ, ಇಲ್ಲದಿದ್ದರೆ ಚಿತ್ರ ತಿದ್ದುವುದಕ್ಕೇ ಟಿವಿ ಬಹಳ ಹೊತ್ತು ತಿನ್ನುತ್ತದೆ.

ಡೇಟಾ ಲೆಕ್ಕ: 15 ಎಂಬಿಪಿಎಸ್ ಅಂದರೆ ಗಂಟೆಗೆ 6.75 ಜಿಬಿ, 25 ಆದರೆ 11.25. ಫೈಬರಿನಲ್ಲಿ ಭಯವಿಲ್ಲ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ 720ಪಿಯಲ್ಲೇ 18 ನಿಮಿಷದೊಳಗೆ ಮುಗಿಯುತ್ತದೆ.

ಉತ್ತರ 4: ಸರ್ವರ್_ಖರ್ಚು

ಎರಡನೇ ಪ್ರಶ್ನೆಗೆ ಬರುತ್ತೇನೆ. ಲ್ಯಾಗ್‌ನಿಂದಲೇ, ಅಂದರೆ ಈ ತಡದಿಂದಲೇ, ಈ ಸೇವೆಗಳು ಮುಚ್ಚಿದವು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸ್ಟೀವ್ ಪರ್ಲ್‌ಮನ್ ಅವರ ಆನ್‌ಲೈವ್ 2010ರ ಜೂನ್‌ನಲ್ಲಿ ಅಮೆರಿಕದಲ್ಲಿ ಶುರುವಾಗಿ 5 ಎಂಬಿಪಿಎಸ್ ಲೈನಿನಲ್ಲೇ 720ಪಿ ತೋರಿಸುತ್ತಿತ್ತು. ತಂತ್ರಜ್ಞಾನ ಆಗಲೇ ಕೆಲಸ ಮಾಡುತ್ತಿತ್ತು. ಹೊಂದದೇ ಹೋದದ್ದು ಲೆಕ್ಕ.

ಸಿನಿಮಾ ಸೇವೆಯಲ್ಲಿ ಒಂದು ಸರ್ವರ್ ಸಾವಿರಾರು ಜನಕ್ಕೆ ಅದೇ ಫೈಲ್ ಹಂಚುತ್ತದೆ. ಇಲ್ಲಿ ಪ್ರತಿ ಆಟಗಾರನಿಗೂ ಒಂದು ಜಿಪಿಯು ಅಥವಾ ಅದರ ಪಾಲು ಮೀಸಲಿಡಲೇಬೇಕು. ಅದೂ ಎಲ್ಲಿ? ಆಟಗಾರನಿಗೆ ಹತ್ತಿರದಲ್ಲಿ. ಹತ್ತಿರದವರೆಲ್ಲ ಒಂದೇ ಹೊತ್ತಿಗೆ, ಸಂಜೆ ಎಂಟರಿಂದ ಹನ್ನೊಂದರವರೆಗೆ ಆಡುತ್ತಾರೆ. ಇಲ್ಲಿ ರಾತ್ರಿಯಾದಾಗ ಹಗಲಿರುವ ದೇಶದ ಖಾಲಿ ಯಂತ್ರಗಳನ್ನು ಎರವಲು ತರೋಣ ಅಂದರೆ ದೂರ ಬಿಡುವುದಿಲ್ಲ. ಸಂಜೆಯ ನೂಕುನುಗ್ಗಲಿಗೆ ಬೇಕಾದಷ್ಟು ಯಂತ್ರ ಕೊಂಡು ಉಳಿದ ಹೊತ್ತು ಖಾಲಿ ಬಿಡಬೇಕು. ಈ ವ್ಯಾಪಾರದ ಗಂಟು ಇದೇ. ಜಿಫೋರ್ಸ್ ನೌನಲ್ಲಿ ಪುಕ್ಕಟೆ ಬಳಕೆದಾರರಿಗೆ ಸರತಿ ಮತ್ತು ಒಂದು ಗಂಟೆಯ ಮಿತಿ ಇರುವುದು, 2025ರಿಂದ ಹೊಸ ಚಂದಾದಾರರಿಗೆ ತಿಂಗಳಿಗೆ 100 ಗಂಟೆಯ ಮಿತಿ ಬಂದದ್ದು ಇದಕ್ಕೇ. ಆನ್‌ಲೈವ್ 2015ರ ಏಪ್ರಿಲ್ 30ಕ್ಕೆ ಮುಚ್ಚಿತು, ಪೇಟೆಂಟುಗಳನ್ನು ಸೋನಿ ಕೊಂಡಿತು. ಗೈಕಾಯ್ ಎಂಬ ಇನ್ನೊಂದು ಕಂಪನಿಯನ್ನು 2012ರಲ್ಲೇ 38 ಕೋಟಿ ಡಾಲರಿಗೆ ಕೊಂಡಿದ್ದ ಸೋನಿ ಅದರ ಮೇಲೆ ಪ್ಲೇಸ್ಟೇಷನ್ ನೌ ಕಟ್ಟಿತ್ತು.

ಸ್ಟೇಡಿಯಾದ ಕಥೆ ಬೇರೆ. 2019ರ ನವೆಂಬರ್ 19ಕ್ಕೆ ಬಂತು, ಚಿತ್ರದ ಗುಣಮಟ್ಟ ಚೆನ್ನಾಗಿಯೇ ಇತ್ತು. ಅದರ ಕಂಟ್ರೋಲರ್ ವೈಫೈ ಮೂಲಕ ನೇರ ಡೇಟಾ ಸೆಂಟರಿಗೆ ಮಾತಾಡುತ್ತಿತ್ತು, ಒಳ್ಳೆಯ ಎಂಜಿನಿಯರಿಂಗ್. ಆದರೆ ಸರ್ವರ್‌ಗಳು ಓಡುತ್ತಿದ್ದುದು ಲಿನಕ್ಸ್ ಮತ್ತು ವಲ್ಕನ್ (ಗ್ರಾಫಿಕ್ಸ್ ತಂತ್ರಾಂಶ) ಮೇಲೆ. ಆಟ ಮಾಡುವವರು ಒಂದೊಂದು ಆಟವನ್ನೂ ಹೊಸದಾಗಿ ಪೋರ್ಟ್ ಮಾಡಿಕೊಡಬೇಕು (ಅದಕ್ಕೆ ಹೊಂದುವಂತೆ ಬದಲಿಸಬೇಕು), ಆಡುವವರು ಅದನ್ನು ಪೂರ್ತಿ ಬೆಲೆಗೆ ಮತ್ತೆ ಕೊಳ್ಳಬೇಕು. 2023ರ ಜನವರಿ 18ಕ್ಕೆ ಮುಚ್ಚಿತು. ಗೂಗಲ್ ದುಡ್ಡು ವಾಪಸ್ ಕೊಟ್ಟಿತು, ಆಟಗಳು ಹೋದವು.

ಉಳಿದವು ಈ ಪೋರ್ಟ್ ಮಾಡುವ ಕೆಲಸವನ್ನೇ ತಪ್ಪಿಸಿದವು. ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್‌ನ ಒಳಭಾಗಗಳನ್ನೇ ಡೇಟಾ ಸೆಂಟರಿನ ರ್‍ಯಾಕ್‌ಗೆ ತುಂಬಿ 2020ರ ಸೆಪ್ಟೆಂಬರ್‌ನಲ್ಲಿ ಗೇಮ್ ಪಾಸ್ ಅಲ್ಟಿಮೇಟ್ ಜೊತೆ ಕೊಟ್ಟಿತು. ಎನ್ವಿಡಿಯಾ ವಿಂಡೋಸ್ ಯಂತ್ರ ಕೊಟ್ಟು ‘ಸ್ಟೀಮ್ ಎಂಬ ಆಟದಂಗಡಿಯಲ್ಲಿ ನೀವು ಕೊಂಡ ಆಟವನ್ನೇ ತನ್ನಿ’ ಅಂದಿತು. ಅದಕ್ಕೂ ಏಟು ಬಿತ್ತು: 2020ರಲ್ಲಿ ಆ್ಯಕ್ಟಿವಿಷನ್ ಬ್ಲಿಝರ್ಡ್, ಬೆಥೆಸ್ಡಾ ತಮ್ಮ ಆಟಗಳನ್ನು ಹಿಂತೆಗೆದವು. ಹಕ್ಕು ಯಾರದ್ದು ಅನ್ನುವುದು ಎಷ್ಟು ದೊಡ್ಡ ವಿಷಯ ಅಂದರೆ, ಮೈಕ್ರೋಸಾಫ್ಟ್ ಆ್ಯಕ್ಟಿವಿಷನ್ ಕೊಳ್ಳಲು ಹೊರಟಾಗ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ 2023ರ ಏಪ್ರಿಲ್‌ನಲ್ಲಿ ತಡೆದದ್ದು ಕ್ಲೌಡ್ ಗೇಮಿಂಗ್ ಕಾರಣಕ್ಕೆ. ಸ್ಟ್ರೀಮಿಂಗ್ ಹಕ್ಕುಗಳನ್ನು ಯೂಬಿಸಾಫ್ಟ್‌ಗೆ ಬಿಟ್ಟುಕೊಟ್ಟ ಮೇಲೆಯೇ ಅಕ್ಟೋಬರ್‌ನಲ್ಲಿ ವ್ಯವಹಾರ ಮುಗಿದದ್ದು.

ಹಾಗಾಗಿ ವರ್ಷದ ಚಂದಾ ಬೇಡ, ತಿಂಗಳು ತಿಂಗಳು ಕಟ್ಟಿ. ಸೇವೆ ಮುಚ್ಚಿದರೂ ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳಲು ಬರುವ ಅಂಗಡಿಯಲ್ಲೇ ಆಟ ಕೊಳ್ಳಿ. ಸೇವ್ ಫೈಲ್ ಆ ಅಂಗಡಿಯ ಖಾತೆಗೆ ಹೋಗುತ್ತಿದೆಯಾ ಅಂತಲೂ ಒಮ್ಮೆ ನೋಡಿ.

ಹಳೇ_ಲ್ಯಾಪ್‌ಟಾಪ್

ಎಲ್ಲರಿಗೂ ಧನ್ಯವಾದ. ರೂಟರಿನ ಪಿಂಗ್ 3ರಿಂದ 110ರವರೆಗೆ ಜಿಗಿಯುತ್ತಿದೆ, ಅಪ್‌ಲೋಡ್ ಇದ್ದಾಗ ಹೊರಗಿನದು 18ರಿಂದ 190. ಕೇಬಲ್ ಮತ್ತು ಎಸ್‌ಕ್ಯೂಎಂ ಎರಡೂ ಮಾಡುತ್ತೇನೆ. ಬೆಂಗಳೂರಿನಲ್ಲಿ ಅಣ್ಣನ ಡೆಸ್ಕ್‌ಟಾಪ್ ಇದೆ, ಎನ್ವಿಡಿಯಾ ಕಾರ್ಡ್, ಅಲ್ಲೂ ಫೈಬರ್. ಚಂದಾ ಬಿಟ್ಟು ಅದರಿಂದಲೇ ಸ್ಟ್ರೀಮ್ ಮಾಡಬಹುದಾ?

ಉತ್ತರ 5: ರೂಟರ್_ರಿಪೇರಿ

ಖಂಡಿತ ಮಾಡಬಹುದು. ಮನೆಯ ಕಂಪ್ಯೂಟರಿನಿಂದ ಆಟ ಸ್ಟ್ರೀಮ್ ಮಾಡುವ ತನ್ನ ಗೇಮ್‌ಸ್ಟ್ರೀಮನ್ನು ಎನ್ವಿಡಿಯಾ 2023ರಲ್ಲಿ ನಿಲ್ಲಿಸಿತು, ಈಗ ಆಟ ಕಳಿಸಲು ಡೆಸ್ಕ್‌ಟಾಪಿಗೆ ಸನ್‌ಶೈನ್, ಅದನ್ನು ತೋರಿಸಲು ಲ್ಯಾಪ್‌ಟಾಪಿಗೆ ಮೂನ್‌ಲೈಟ್ ಎಂಬ ಆ್ಯಪ್. ಎರಡೂ ಉಚಿತ. ಮೂನ್‌ಲೈಟ್ ತೋರಿಸುವ ನಾಲ್ಕಂಕಿ ಪಿನ್ನನ್ನು ಡೆಸ್ಕ್‌ಟಾಪಿನಲ್ಲಿ ಸನ್‌ಶೈನ್ ಪುಟದಲ್ಲಿ ಹಾಕಬೇಕು, ಅದು ಪೋರ್ಟ್ 47990ರಲ್ಲಿ ತೆರೆಯುತ್ತದೆ. ನಿಮಗೆ 720ಪಿ 60, ಎಚ್.264, 10 ಎಂಬಿಪಿಎಸ್‌ನಿಂದ ಶುರುಮಾಡಿ.

ಸಿಕ್ಕಿಹಾಕಿಕೊಳ್ಳುವುದು ಸಿಜಿನ್ಯಾಟ್‌ನಲ್ಲಿ (ಕಂಪನಿ ಹಲವು ಮನೆಗಳಿಗೆ ಒಂದೇ ಹೊರಗಿನ ವಿಳಾಸ ಹಂಚುವ ಪದ್ಧತಿ). ಅಣ್ಣನ ರೂಟರಿನ ವ್ಯಾನ್ ವಿಳಾಸ 100.64ರಿಂದ 100.127ರ ನಡುವೆ ಶುರುವಾದರೆ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದದ್ದನ್ನು ಡೆಸ್ಕ್‌ಟಾಪಿಗೆ ತಲುಪಿಸುವ ರೂಟರ್ ಸೆಟ್ಟಿಂಗ್) ಕೆಲಸ ಮಾಡುವುದಿಲ್ಲ. ಎರಡೂ ಕಡೆ ಐಪಿವಿ6 (ಹೊಸ ಬಗೆಯ ಇಂಟರ್‌ನೆಟ್ ವಿಳಾಸ) ಇದ್ದರೆ ಸನ್‌ಶೈನ್ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿ, ಮೊದಲಿಗೆ ಬರೀ ಐಪಿವಿ4 ಇರುತ್ತದೆ. ಸುಲಭದ ದಾರಿ ಟೇಲ್‌ಸ್ಕೇಲ್ (ದೂರದ ಕಂಪ್ಯೂಟರ್‌ಗಳನ್ನು ಖಾಸಗಿಯಾಗಿ ಜೋಡಿಸುವ ಆ್ಯಪ್): ಎರಡೂ ಕಂಪ್ಯೂಟರಿಗೆ ಹಾಕಿ ಅದು ಕೊಡುವ ವಿಳಾಸವನ್ನು ಮೂನ್‌ಲೈಟ್‌ಗೆ ಕೊಡಿ. ಸಂಪರ್ಕ ‘ಡೈರೆಕ್ಟ್’ ಇದೆಯಾ ನೋಡಿ. ‘ರಿಲೇ’ ಅಂತ ತೋರಿಸಿದರೆ ಬೇರೆ ಸರ್ವರಿನ ಮೂಲಕ ಸುತ್ತಿಬರುತ್ತಿದೆ, ಆಡಲು ಆಗುವುದಿಲ್ಲ.

ಅಣ್ಣನ ಕಡೆ ಡೆಸ್ಕ್‌ಟಾಪಿಗೆ ಕೇಬಲ್ಲೇ ಇರಲಿ, ಸ್ಲೀಪ್ ಆಫ್ ಮಾಡಿಸಿ. ಮಾನಿಟರ್ ಆಫ್ ಆಗಿದ್ದಾಗ ಕಪ್ಪು ಪರದೆ ಬಂದರೆ ವಿಂಡೋಸ್‌ಗೆ ಡಿಸ್‌ಪ್ಲೇ ಕಾಣುತ್ತಿಲ್ಲ ಅಂತ. ಎಚ್‌ಡಿಎಂಐ ಡಮ್ಮಿ ಪ್ಲಗ್ ಕೆಲವೇ ನೂರು ರೂಪಾಯಿ, ಅದನ್ನು ಗ್ರಾಫಿಕ್ಸ್ ಕಾರ್ಡಿನ ಪೋರ್ಟಿಗೇ ಹಾಕಬೇಕು, ಮದರ್‌ಬೋರ್ಡಿನ ಪೋರ್ಟಿಗಲ್ಲ.