ಮನೆ ಬೆಲೆ ಲೆಕ್ಕಕ್ಕೆ ಸಿಗುತ್ತದಾ? ಸರ್ಕಾರ ಕೈ ಹಾಕಿದ ಮೇಲೂ?

ಗ್ರಾಫ್ ಪ್ರೇಮಿ:
ಮನೆ ಬೆಲೆ ಊಹಿಸುವುದು ಷೇರು ಬೆಲೆ ಊಹಿಸುವಷ್ಟು ಕಷ್ಟ ಅಲ್ಲ ಅನ್ನುವುದು ನನ್ನ ವಾದ. ಷೇರು ಒಂದೇ ದಿನದಲ್ಲಿ ತಲೆಕೆಳಗಾಗುತ್ತದೆ, ಮನೆ ಬೆಲೆ ತಿರುಗುವುದಕ್ಕೆ ತಿಂಗಳುಗಟ್ಟಲೆ ಬೇಕು. ಈ ವರ್ಷ ಏರಿದ್ದರೆ ಮುಂದಿನ ವರ್ಷವೂ ಏರುವ ಸಾಧ್ಯತೆಯೇ ಜಾಸ್ತಿ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಕಾರ್ಲ್ ಕೇಸ್, ರಾಬರ್ಟ್ ಶಿಲ್ಲರ್ 1989ರಲ್ಲೇ ಇದನ್ನು ತೋರಿಸಿದ್ದಾರೆ. ಬಡ್ಡಿ, ಜನರ ಆದಾಯ, ಹೊಸದಾಗಿ ಕಟ್ಟುತ್ತಿರುವ ಮನೆಗಳು, ಇಷ್ಟು ಹಾಕಿದರೆ ಲೆಕ್ಕ ಹತ್ತಿರಕ್ಕೆ ಬರುತ್ತದೆ. ಸರ್ಕಾರ ಮಧ್ಯೆ ಬಂದಾಗ ಮಾತ್ರ ಕೆಡುತ್ತದೆ. ಒಪ್ಪದವರು ಬನ್ನಿ.

ಸಂಶಯಪ್ಪ:
ಬಂದೆ ಗುರು. ಮನೆ ಬೆಲೆ ಅಂದಾಜು ಹೇಳುವ ಅಮೆರಿಕದ ಜಾಲತಾಣ ಜಿಲ್ಲೋ ಕಂಪ್ಯೂಟರ್ ಲೆಕ್ಕ ನಂಬಿ ತಾನೇ ಮನೆ ಕೊಂಡು ಮಾರಲು ಹೊರಟಿತ್ತು. 2021ರ ನವೆಂಬರ್‌ನಲ್ಲಿ ಆ ವ್ಯಾಪಾರ ಮುಚ್ಚುತ್ತೇವೆ ಅಂತ ಹೇಳಿತು, ಜೊತೆಗೆ ನೌಕರರಲ್ಲಿ ನಾಲ್ಕನೇ ಒಂದು ಭಾಗಕ್ಕೂ ಕತ್ತರಿ. ಅವರಿಗೆ ಡೇಟಾ ಕಡಿಮೆ ಇತ್ತಾ? ಅಲ್ಲಿ ಯಾವ ಸರ್ಕಾರ ಅಡ್ಡ ಬಂದಿತ್ತು?

ಗ್ರಾಫ್ ಪ್ರೇಮಿ:
ಅದು ಒಂದೊಂದೇ ಮನೆಯ ಬೆಲೆ, ನಾನು ಹೇಳಿದ್ದು ಇಡೀ ಮಾರುಕಟ್ಟೆಯದು. ಒಂದು ಮನೆ ಒಳಗೊಳಗೆ ಸೋರುತ್ತಿದ್ದರೆ ಅದು ಮಾಲೀಕನಿಗೆ ಗೊತ್ತು, ಕಂಪ್ಯೂಟರ್‌ಗೆ ಗೊತ್ತಿಲ್ಲ. ಅಂಥವನೇ ಮೊದಲು ಓಡಿ ಬಂದು "ಈ ಬೆಲೆಗೆ ಕೊಡ್ತೀನಿ" ಅನ್ನುತ್ತಾನೆ, ಅಲ್ವಾ?

ಸಂಶಯಪ್ಪ:
ಸರಿ, ಇಡೀ ಮಾರುಕಟ್ಟೆಗೇ ಬರೋಣ. ಅಲ್ಲಿ ಗೃಹಸಾಲದ ಬಡ್ಡಿ 2021ರಲ್ಲಿ ಶೇ. 3ರ ಆಸುಪಾಸು ಇತ್ತು, 2023ರ ಅಕ್ಟೋಬರ್ ಹೊತ್ತಿಗೆ ಶೇ. 8ರ ಹತ್ತಿರ ಹೋಯಿತು. ನಿಮ್ಮ ಲೆಕ್ಕದ ಪ್ರಕಾರ ಬೆಲೆ ಕುಸಿಯಬೇಕಿತ್ತು. ಕುಸಿಯಲಿಲ್ಲ. ಹಳೇ ಕಡಿಮೆ ಬಡ್ಡಿಯಲ್ಲಿ, ಅದೂ ಬದಲಾಗದ ಬಡ್ಡಿಯಲ್ಲಿ, 30 ವರ್ಷಕ್ಕೆ ಸಾಲ ಮಾಡಿದವರು ಮನೆ ಮಾರಲೇ ಇಲ್ಲ. ಮಾರಿದರೆ ಮುಂದಿನ ಮನೆಗೆ ದುಬಾರಿ ಬಡ್ಡಿ ಕಟ್ಟಬೇಕು, ಯಾರು ಮಾರುತ್ತಾರೆ? ಅಷ್ಟು ಉದ್ದದ ಸಾಲ ಅಲ್ಲಿ ಮಾಮೂಲಿಯಾಗಿರುವುದಕ್ಕೆ ಸರ್ಕಾರದ ಬೆಂಬಲ ಇರುವ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಎಂಬ ಕಂಪನಿಗಳು ಬ್ಯಾಂಕುಗಳು ಕೊಟ್ಟ ಗೃಹಸಾಲಗಳನ್ನು ಕೊಂಡುಕೊಳ್ಳುವುದೇ ದೊಡ್ಡ ಕಾರಣ. ಸರ್ಕಾರ ಮಧ್ಯೆ ಬರುವುದಲ್ಲ ಸ್ವಾಮಿ, ಅಡಿಪಾಯದಲ್ಲೇ ಕೂತಿದೆ.

ಮಾಜಿ ಬ್ಯಾಂಕ್ ನೌಕರ:
ನೀವಿಬ್ಬರೂ ಸರ್ಕಾರ ಅಂತ ಒಂದೇ ಮೂಟೆ ಕಟ್ಟುತ್ತಿದ್ದೀರಿ. ಕೊಳ್ಳುವವನ ಕೈಗೆ ದುಡ್ಡು ಕೊಡುವುದು ಬೇರೆ, ಮನೆಗಳ ಸಂಖ್ಯೆ ಹೆಚ್ಚಿಸುವುದು ಬೇರೆ. ಮೊದಲನೆಯದು ಏನು ಮಾಡುತ್ತದೆ ಅಂತ ಸುಮಾರಾಗಿ ಊಹಿಸಬಹುದು. ಬ್ರಿಟನ್ 2020ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ 5 ಲಕ್ಷ ಪೌಂಡ್‌ವರೆಗಿನ ಮನೆಗೆ ಮುದ್ರಾಂಕ ಶುಲ್ಕ ಬಿಟ್ಟುಕೊಟ್ಟಿತು. ಜನ ಮುಗಿಬಿದ್ದರು, ಬೆಲೆಯೂ ಏರಿತು, ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಉಳಿತಾಯವಾದ ತೆರಿಗೆಯಲ್ಲಿ ಒಂದು ಪಾಲು ಮಾರುವವನ ಜೇಬಿಗೆ ಹೋಯಿತು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಅಮೆರಿಕದಲ್ಲಿ ಮೊದಲ ಮನೆಗೆ 8,000 ಡಾಲರ್ ತನಕ ತೆರಿಗೆ ವಿನಾಯಿತಿ ಇತ್ತು, ಒಪ್ಪಂದ 2010ರ ಏಪ್ರಿಲ್ ಒಳಗೆ ಆಗಬೇಕಿತ್ತು. ಗಡುವು ಮುಗಿದು ಜುಲೈ ಬರುವಷ್ಟರಲ್ಲಿ ಹಳೇ ಮನೆಗಳ ಮಾರಾಟ ಒಂದೇ ತಿಂಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಬಿತ್ತು. ನಾಳೆ ಕೊಳ್ಳುವವರು ಇವತ್ತೇ ಕೊಂಡುಬಿಟ್ಟಿದ್ದರು, ಅಷ್ಟೇ.

ನಕ್ಷೆ ಬರೆಯುವವಳು:
ಎರಡನೆಯದರ ಬಗ್ಗೆ ಯಾರೂ ಮಾತಾಡಲ್ಲ, ಯಾಕೆಂದರೆ ಫಲ ಕಾಣುವಷ್ಟರಲ್ಲಿ ಚುನಾವಣೆ ಮುಗಿದಿರುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್ 2016ರಲ್ಲಿ ವಸತಿ ಜಾಗದ ಸುಮಾರು ಮುಕ್ಕಾಲು ಭಾಗದಲ್ಲಿ ಇನ್ನೂ ಒತ್ತಾಗಿ ಕಟ್ಟಲು ಒಪ್ಪಿಗೆ ಕೊಟ್ಟಿತು. ದುಡ್ಡು ಹಂಚಲಿಲ್ಲ, ನಿಯಮ ಸಡಿಲ ಮಾಡಿತು. ನಂತರದ ವರ್ಷಗಳಲ್ಲಿ ಕಟ್ಟಡ ಪರವಾನಗಿಗಳು ಚೆನ್ನಾಗಿಯೇ ಏರಿದವು.

ಗ್ರಾಫ್ ಪ್ರೇಮಿ:
ಮೇಡಂ, ಹಾಗಿದ್ದೂ 2021ರಲ್ಲಿ ಅಲ್ಲಿ ಬೆಲೆ ಗಗನಕ್ಕೆ ಹೋಯಿತಲ್ಲ?

ನಕ್ಷೆ ಬರೆಯುವವಳು:
ಬಡ್ಡಿ ನೆಲಕಚ್ಚಿತ್ತು, ಹೋಗದೆ ಏನು? ಆ ಮನೆಗಳು ಇಲ್ಲದಿದ್ದರೆ ಎಷ್ಟಾಗುತ್ತಿತ್ತು ಅನ್ನುವುದು ಪ್ರಶ್ನೆ. ನಿಮ್ಮ ಗ್ರಾಫಿನಲ್ಲಿ ಆ ಗೆರೆ ಇರುವುದಿಲ್ಲ.

ಬಾಡಿಗೆ ಮನೆಯವ:
ಎಲ್ಲರೂ ಕೊಳ್ಳುವವರ ಬಗ್ಗೆಯೇ ಮಾತಾಡುತ್ತೀರಿ. ಬಾಡಿಗೆಗೆ ಮಿತಿ ಹಾಕಿದರೆ ಬೆಲೆಯೂ ಇಳಿಯಲ್ವಾ?

ಮಾಜಿ ಬ್ಯಾಂಕ್ ನೌಕರ:
ಬರ್ಲಿನ್ ಮಾಡಿತ್ತು, 2020ರ ಫೆಬ್ರವರಿಯಲ್ಲಿ. ಒಳಗಿದ್ದವರಿಗೆ ಬಾಡಿಗೆ ಇಳಿಯಿತು, ಹೊಸದಾಗಿ ಹುಡುಕುವವರಿಗೆ ಖಾಲಿ ಮನೆಯ ಜಾಹೀರಾತುಗಳೇ ಕಡಿಮೆಯಾದವು. 2021ರ ಏಪ್ರಿಲ್‌ನಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ಇಡೀ ಕಾನೂನನ್ನೇ ರದ್ದು ಮಾಡಿತು. ನಡುವೆ ಬಾಡಿಗೆದಾರರು ಉಳಿಸಿದ ದುಡ್ಡನ್ನು ಹಿಂದಿರುಗಿಸಬೇಕಾಗಿ ಬಂತು, ಎಲ್ಲರೂ ಅಲ್ಲದಿದ್ದರೂ ಸುಮಾರು ಜನ.

ಸಂಶಯಪ್ಪ:
ನೋಡಿ, ಇದೇ ನಾನು ಹೇಳುತ್ತಿರುವುದು. ಕಾನೂನು ಬರುತ್ತದೆ ಅಂತ ಊಹಿಸಬೇಕು, ಅದು ಉಳಿಯುತ್ತದಾ ಅಂತಲೂ ಊಹಿಸಬೇಕು. ಚೀನಾ 2020ರಲ್ಲಿ ಬಿಲ್ಡರ್‌ಗಳ ಸಾಲಕ್ಕೆ 'ಮೂರು ಕೆಂಪು ಗೆರೆ', ಅಂದರೆ ಮೂರು ಮಿತಿ, ಹಾಕಿತು. ಮಾರನೇ ವರ್ಷವೇ ಅಲ್ಲಿನ ದೊಡ್ಡ ಬಿಲ್ಡರ್ ಎವರ್‌ಗ್ರಾಂಡೆ ಸಾಲ ಕಟ್ಟಲಾಗದೆ ಕೂತಿತು. ಆಮೇಲೆ ಅದೇ ಸರ್ಕಾರ ಮಾರುಕಟ್ಟೆ ಎತ್ತಲು ನಿಯಮ ಸಡಿಲಿಸುತ್ತಾ ಬಂತು. ಇದನ್ನು ಯಾವ ಕಾಲಮ್ಮಿಗೆ ಹಾಕುತ್ತೀರಿ?

ಗ್ರಾಫ್ ಪ್ರೇಮಿ:
ಬೆಲೆ ತುಂಬಾ ಏರಿದರೆ ಸರ್ಕಾರ ಬ್ರೇಕ್ ಹಾಕುತ್ತದೆ, ತುಂಬಾ ಬಿದ್ದರೆ ಎತ್ತಲು ಬರುತ್ತದೆ. ಅದೂ ಒಂದು ಪ್ಯಾಟರ್ನೇ, ಅದನ್ನೂ ಸೇರಿಸುತ್ತೇನೆ.

ಸಂಶಯಪ್ಪ:
ಯಾವ ತಿಂಗಳು ಬರುತ್ತದೆ ಅಂತ?

ಬಾಡಿಗೆ ಮನೆಯವ:
ಅವರ ಜಗಳ ಇರಲಿ ಸಾರ್. ವಿನಾಯಿತಿ ಇನ್ನೇನು ಮುಗಿಯುತ್ತದೆ, ಬೇಗ ಬುಕ್ ಮಾಡಿ ಅಂತ ಏಜೆಂಟ್ ಅವಸರ ಮಾಡಿದರೆ ಏನು ಮಾಡಲಿ?

ಮಾಜಿ ಬ್ಯಾಂಕ್ ನೌಕರ:
ವಿನಾಯಿತಿ ಎಷ್ಟು, ಅದು ಶುರುವಾದ ಮೇಲೆ ಅಂಥ ಮನೆಯ ಬೆಲೆ ಎಷ್ಟು ಏರಿದೆ, ಎರಡನ್ನೂ ಪಕ್ಕಪಕ್ಕ ಬರೆಯಿರಿ. ಏರಿದ್ದೇ ಜಾಸ್ತಿ ಇದ್ದರೆ ಕೊನೇ ವಾರದ ನೂಕುನುಗ್ಗಲಿಗೆ ಸೇರಬೇಡಿ. ಏನೇ ಆಗಲಿ, ಬಡ್ಡಿ ಇನ್ನೆರಡು ಶೇಕಡಾ ಏರಿದರೂ ಕಂತು ಕಟ್ಟಲು ಆಗುತ್ತದಾ ಅಂತ ಲೆಕ್ಕ ಹಾಕಿ ನೋಡಿ.