ಗಾಡಿ ಸಮೀಪಿಸಿದರೆ ಎಚ್ಚರಿಸುವ ತೋಳುಪಟ್ಟಿ: ಬಳಸಿದವರು ತಿಳಿಸಿ

ಕಾರವಾರದಿಂದ ಪ್ರಶ್ನೆ: ಬೈತಖೋಲದ ಸಮೀಪ ನಾನು ನೋಡಿಕೊಳ್ಳುವ ಗೋದಾಮಿನಲ್ಲಿ ಎರಡು ಫೋರ್ಕ್‌ಲಿಫ್ಟ್‌ಗಳು ಓಡಾಡುವ ದಾರಿಯಲ್ಲೇ ಇಪ್ಪತ್ತು ಹಮಾಲರೂ ನಡೆಯುತ್ತಾರೆ. ಕಳೆದ ತಿಂಗಳು ಹಿಮ್ಮುಖವಾಗಿ ಬರುತ್ತಿದ್ದ ಗಾಡಿಯೊಂದು ಒಬ್ಬರ ಪಾದದಿಂದ ಒಂದು ಗೇಣು ದೂರದಲ್ಲಿ ನಿಂತಿತು. ಗಾಡಿ ಹತ್ತಿರವಾದೊಡನೆ ನಡುಗಿ ಎಚ್ಚರಿಸುವ ಪಟ್ಟಿಗಳನ್ನು ಎಲ್ಲರಿಗೂ ಕೊಡಿಸಬೇಕೆಂದಿದ್ದೇನೆ. ಬಳಸಿದವರು ದಯವಿಟ್ಟು ಅನುಭವ ತಿಳಿಸಬೇಕು.

ಶಿರಸಿಯಿಂದ: 2020ರಲ್ಲಿ ನಮ್ಮ ಅಡಿಕೆ ವಿಂಗಡಣೆಯ ಶೆಡ್ಡಿನಲ್ಲಿ ಆರು ಅಡಿ ಅಂತರ ಕಾಯಲೆಂದು ಬ್ಲೂಟೂತ್ ಪಟ್ಟಿಗಳನ್ನು ತರಿಸಿದ್ದೆವು. ಎದುರುಬದುರಾಗಿ ಹತ್ತಡಿ ದೂರ ಕುಳಿತವರ ಪಟ್ಟಿಗಳು ಕೂಗುತ್ತಿದ್ದವು, ಬೆನ್ನಿಗೆ ಬೆನ್ನು ಹಾಕಿ ಕುಳಿತವರವು ಸುಮ್ಮನಿರುತ್ತಿದ್ದವು. ಈ ಪಟ್ಟಿಗಳು ದೂರವನ್ನು ಅಳೆಯುವುದಿಲ್ಲ, ಸಂಕೇತ ಎಷ್ಟು ಕ್ಷೀಣವಾಗಿ ತಲುಪಿತೆಂಬುದರ ಮೇಲೆ ಊಹಿಸುತ್ತವೆ, 2.4 ಗಿಗಾಹರ್ಟ್ಸ್‌ನ ಆ ಅಲೆಗಳನ್ನು ನೀರೇ ಹೆಚ್ಚಾಗಿರುವ ನಮ್ಮ ಶರೀರ ಹೀರಿಕೊಳ್ಳುವುದರಿಂದ, ಮೈ ಅಡ್ಡ ಬಂದರೆ ಪಕ್ಕದವರೂ ದೂರದವರೆನಿಸುತ್ತಾರೆ. ವಾರದೊಳಗೆ ಹೆಂಗಸರು ಅವನ್ನು ಕಳಚಿ ಗೋಣಿಚೀಲದ ಮೇಲೆ ರಾಶಿ ಹಾಕಿದರು. ಅಲ್ಲಿಯೂ ಅವು ಒಂದಕ್ಕೊಂದು ಕೂಗಿಕೊಳ್ಳುತ್ತಲೇ ಇದ್ದವು. ಕೊನೆಗೆ ನೆಲದ ಮೇಲೆ ಸುಣ್ಣದ ಗೆರೆ ಎಳೆದೆವು.

ಅಂಕೋಲಾದಿಂದ: ಆದ್ದರಿಂದಲೇ ನಾನು ಕೆಲಸ ಮಾಡಿದ ಯಾರ್ಡಿನಲ್ಲಿ ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ಬೇರೆ ಬಗೆಯ ರೇಡಿಯೊ ಅಲೆ ಬಳಸುವ ಟ್ಯಾಗ್‌ಗಳನ್ನು ತೆಗೆದುಕೊಂಡರು. ಅವು ಅಲೆ ಸಾಗಲು ತೆಗೆದುಕೊಂಡ ಸಮಯವನ್ನೇ ಎಣಿಸುತ್ತವೆ. ಒಂದು ನ್ಯಾನೊಸೆಕೆಂಡಿನಲ್ಲಿ ಅಲೆ ಸುಮಾರು 30 ಸೆಂ.ಮೀ. ಸಾಗುವುದರಿಂದ, ತೆರವಾದ ಜಾಗದಲ್ಲಿ ಲೆಕ್ಕ ಹೆಚ್ಚು ತಪ್ಪುವುದಿಲ್ಲ. ಕಬ್ಬಿಣದ ರಾಶಿಯ ಮರೆಯಲ್ಲಿ ಅವೂ ತಡವರಿಸುತ್ತವೆ. ನಿಮಗೆ ಮುಖ್ಯವಾದದ್ದು ಎಚ್ಚರಿಕೆಯ ದೂರ. ನಮಗೆ ಮಾರಿದವರು 2 ಮೀಟರಿಗೆ ಹೊಂದಿಸಿ ಕೊಟ್ಟಿದ್ದರು, ಅದು ಕೊರೊನಾ ಕಾಲದ ಅಳತೆ. ಗಂಟೆಗೆ 10 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 2.8 ಮೀಟರ್ ಬರುತ್ತದೆ. ಹೊರೆ ಹೊತ್ತ ಹಮಾಲರು ಕತ್ತು ತಿರುಗಿಸುವಷ್ಟರಲ್ಲಿ ನಿಮ್ಮ 2 ಮೀಟರ್ ಮುಗಿದಿರುತ್ತದೆ. ನಾವು 7 ಮೀಟರಿಗೆ ಏರಿಸಿ, ಚಾಲಕನ ಕಣ್ಣೆದುರಿಗೂ ಕೆಂಪು ದೀಪ ಹಾಕಿಸಿದೆವು. ನಿಲ್ಲಿಸಬೇಕಾದವನು ಅವನಲ್ಲವೇ?

ಹೊನ್ನಾವರದಿಂದ: ಮಳೆಗಾಲದಲ್ಲಿ ರೈನ್‌ಕೋಟಿನ ಮೇಲೆ ಕಟ್ಟಿದರೆ ನಡುಕ ತಿಳಿಯುವುದೇ ಇಲ್ಲ, ತೋಳಿನ ಚರ್ಮಕ್ಕೆ ತಾಗುವಂತೆ ಕಟ್ಟಿಸಿ. ಉಪ್ಪುಗಾಳಿಗೆ ನಮ್ಮ ಪಟ್ಟಿಗಳ ಚಾರ್ಜಿಂಗ್ ಪಿನ್ನುಗಳು ಮೂರೇ ತಿಂಗಳಲ್ಲಿ ಹಸಿರುಗಟ್ಟಿದವು.

ಕಾರವಾರದಿಂದ: ಎಲ್ಲರಿಗೂ ಧನ್ಯವಾದಗಳು. ವಿಚಾರಿಸಿದೆ, ನನಗೆ ತೋರಿಸಿದ್ದು ಬ್ಲೂಟೂತ್ ಪಟ್ಟಿಯೇ. ನಾಳೆ ನಡೆಯುವ ದಾರಿಗೆ ಹಳದಿ ಗೆರೆ ಹಾಕಿಸುತ್ತೇನೆ. ಇನ್ನೊಂದು ಬಗೆಯ ಟ್ಯಾಗ್ ಎರಡನ್ನಷ್ಟೇ ತರಿಸಿ, ಮೀನಿನ ಕ್ರೇಟುಗಳ ಮರೆಯಲ್ಲಿ ನಾನೇ ನಿಂತು ನೋಡುತ್ತೇನೆ.