ಹೆಣ್ಣು ಬಾಲ್ ಪೈಥಾನ್ ಮರಿ ಮಾಡಿಸೋಕೆ ಸಿದ್ಧವಾಗಿದೆ ಅಂತ ಹೇಗೆ ಗೊತ್ತಾಗುತ್ತೆ?

ಪ್ರಶ್ನೆ (ಹಾವು ಸಾಕುವವರ ಗುಂಪಿನ ಸದಸ್ಯ, ವಿಜಯನಗರ): ನಮಸ್ಕಾರ ಡಾಕ್ಟ್ರೇ. ನಮ್ಮ ಮನೇಲಿ ಹೆಣ್ಣು ಬಾಲ್ ಪೈಥಾನ್ (ವಿಷವಿಲ್ಲದ ಸಾಕು ಹೆಬ್ಬಾವು) ಇದೆ. ಈಗ ಎರಡು ವರ್ಷ, ತೂಕ 1,520 ಗ್ರಾಂ. ಸ್ನೇಹಿತನ ಹತ್ತಿರ 700 ಗ್ರಾಂ ಗಂಡು ಇದೆ. ಎರಡೂ ವಿದೇಶಿ ಪ್ರಾಣಿಗಳ ನೋಂದಣಿಯ ಸರ್ಕಾರಿ ಜಾಲತಾಣ ಪರಿವೇಶ್‌ನಲ್ಲಿ ನೋಂದಣಿ ಆಗಿವೆ. 1,500 ದಾಟಿದರೆ ಸಾಕು ಅಂತಾರೆ. ಈ ಚಳಿಗಾಲಕ್ಕೆ ಜೊತೆ ಬಿಡಬಹುದಾ?

ಉತ್ತರ (ಪಶುವೈದ್ಯೆ): ಈ ವರ್ಷ ಬೇಡ. 1,500 ಗ್ರಾಂ ಅನ್ನೋದು ಕನಿಷ್ಠ ಲೆಕ್ಕ, ಅದರ ಜೊತೆಗೆ ಮೂರು ವರ್ಷವಾದರೂ ತುಂಬಿರಬೇಕು. ಆ ತೂಕ ಹೇಗೆ ಬಂತು ಅನ್ನೋದು ಇನ್ನೂ ಮುಖ್ಯ. ನೀವೇ ಕೈಯಲ್ಲಿ ಹಿಡಿದು ನೋಡಿ. ಬೆನ್ನಮೂಳೆ ಮೇಲೆ ಹೆಬ್ಬೆರಳು ಮೆಲ್ಲಗೆ ಸವರಿ. ಮೂಳೆ ಸ್ವಲ್ಪ ಕೈಗೆ ಸಿಕ್ಕಿ, ಎರಡೂ ಪಕ್ಕ ಗಟ್ಟಿಯಾಗಿದ್ದರೆ ಮೈ ಚೆನ್ನಾಗಿದೆ. ಮೂಳೆ ಹಳ್ಳದೊಳಗೆ ಹೋದ ಹಾಗಿದ್ದು, ಸುತ್ತಿಕೊಂಡಾಗ ಹುರುಪೆಗಳ ನಡುವೆ ಚರ್ಮ ಕಾಣಿಸಿದರೆ ಅದು ಕೊಬ್ಬು.

ಮೊಟ್ಟೆ ಬೆಳೆಯುವಾಗ ಹೆಣ್ಣು ಸಾಮಾನ್ಯವಾಗಿ ಊಟ ಬಿಡುತ್ತೆ. ಇಟ್ಟ ಮೇಲೂ ಅವುಗಳ ಸುತ್ತ ಮಲಗಲು ಬಿಟ್ಟರೆ ಇನ್ನೆರಡು ತಿಂಗಳು ತಿನ್ನದೇ ಇರಬಹುದು. ಮೈಯಲ್ಲಿ ಮಾಂಸಖಂಡ ಇದ್ದರೆ ತಡ್ಕೊಳ್ಳುತ್ತೆ. ಕೊಬ್ಬು ಜಾಸ್ತಿ ಆದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವ ಅಪಾಯ ಹೆಚ್ಚು. ಆಗ ಆಪರೇಷನ್ ಬೇಕಾಗಬಹುದು. ಊಟ ಎಷ್ಟು ಕೊಡ್ತಿದ್ದೀರಿ?

ಅದೇ ಸದಸ್ಯ: ವಾರಕ್ಕೆ ಎರಡು ಇಲಿ ಮೇಡಂ, ಬೇಗ ದೊಡ್ಡದಾಗಲಿ ಅಂತ. ಕಳೆದ ಸಲ ಪೊರೆ ತುಂಡು ತುಂಡಾಗಿ ಬಿಟ್ಟಿತು, ಅದೂ ಹೇಳಬೇಕಿತ್ತು.

ಉತ್ತರ: ಹೇಳಿದ್ದು ಒಳ್ಳೇದಾಯ್ತು. ಇನ್ಮುಂದೆ ಎರಡು ವಾರಕ್ಕೊಂದು ಇಲಿ ಸಾಕು. ಪೊರೆ ಹರಿಯೋದು ಹೆಚ್ಚಾಗಿ ತೇವ ಕಡಿಮೆ ಇದ್ದಾಗ. ಪೆಟ್ಟಿಗೆಯೊಳಗೆ 60ರಿಂದ 70 ಪರ್ಸೆಂಟ್ ಇರಲಿ. ಕಣ್ಣಿನ ಮೇಲೆ ಹಳೇ ಪೊರೆ ಉಳಿದಿದೆಯಾ ನೋಡಿ, ಇದ್ದರೆ ಕೀಳಲು ಹೋಗಬೇಡಿ, ಡಾಕ್ಟರಿಗೆ ತೋರಿಸಿ. ನೀರಿನ ಬಟ್ಟಲಲ್ಲಿ ಸಣ್ಣ ಕಪ್ಪು ಚುಕ್ಕಿಗಳು ತೇಲುತ್ತಿದ್ದರೆ ಅವು ಹಾವಿನ ಮೈಮೇಲೆ ರಕ್ತ ಹೀರುವ ಸಣ್ಣ ಹುಳು (ಮೈಟ್) ಇರಬಹುದು. ಒಂದು ಸಲವಾದರೂ ಪೊರೆ ಇಡಿಯಾಗಿ ಬಿಡೋವರೆಗೆ ಹಾವನ್ನು ಜೊತೆ ಬಿಡೋ ಮಾತೇ ಬೇಡ.

ಇನ್ನೊಬ್ಬ ಸದಸ್ಯೆ: ಜೋಡಿಗೆ ಮೊದಲು ತಂಪು ಮಾಡಬೇಕಂತೆ. ನಮ್ಮೂರ ಚಳಿಗೆ ಹೀಟರ್ ಆಫ್ ಮಾಡಿದರೆ ಆಯ್ತಲ್ವಾ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಡಿಸೆಂಬರ್, ಜನವರಿ ರಾತ್ರಿ ಬೆಂಗಳೂರು 15-16 ಡಿಗ್ರಿಗೆ ಇಳಿಯುತ್ತೆ. ಇದು ಪಶ್ಚಿಮ, ಮಧ್ಯ ಆಫ್ರಿಕಾದ ಹಾವು, ಅಷ್ಟು ಚಳಿ ತಡೆಯಲ್ಲ. ರಾತ್ರಿ 24-25 ಡಿಗ್ರಿಗೆ ಇಳಿಸಿದರೆ ಸಾಕು. ಬೆಚ್ಚಗಿನ ಮೂಲೆ 31-32ರಲ್ಲೇ ಇರಲಿ, ಥರ್ಮೋಸ್ಟಾಟ್ ಬೇಕೇ ಬೇಕು. ಬಾಯಿ ತೆರೆದು ಉಸಿರಾಡಿದರೆ, ಮೂಗಲ್ಲಿ ಗುಳ್ಳೆ ಬಂದರೆ ಅದೇ ದಿನ ತೋರಿಸಿ.

ಅದೇ ಸದಸ್ಯೆ: ಕಾರ್ನ್ ಸ್ನೇಕ್‌ಗೂ ಇದೇ ಲೆಕ್ಕಾನಾ?

ಉತ್ತರ: ಇಲ್ಲ. ಹೆಣ್ಣಿಗೆ ಮೂರು ವರ್ಷ, ಮೂರು ಅಡಿ, 300 ಗ್ರಾಂ, ಮೂರೂ ಆಗಿರಬೇಕು.

ಪ್ರಶ್ನೆ ಕೇಳಿದವರು: ಸರಿ ಮೇಡಂ, ಒಂದು ವರ್ಷ ಕಾಯ್ತೀನಿ. ಗಂಡು ಸ್ಪೈಡರ್ ಮಾರ್ಫ್ (ಬಣ್ಣ, ಗೆರೆಗಳ ಒಂದು ತಳಿ), ಅದು ತೊಂದರೆ ಇಲ್ಲ ತಾನೇ?

ಉತ್ತರ: ಇದೆ. ಸ್ಪೈಡರ್ ಹಾವುಗಳಿಗೆ ತಲೆ ಓಲಾಡುವ ತೊಂದರೆ ಆ ಬಣ್ಣದ ಜೊತೆಗೇ ಬರುತ್ತೆ. ಕೆಲವಕ್ಕೆ ಸ್ವಲ್ಪ, ಕೆಲವಕ್ಕೆ ಇಲಿ ಹಿಡಿಯೋಕೂ ಗುರಿ ತಪ್ಪುತ್ತೆ. ಸುಮಾರು ಅರ್ಧ ಮರಿಗಳಿಗೆ ಅದು ದಾಟುತ್ತೆ. 700 ಗ್ರಾಂ ಗಂಡಿಗೆ ಧಾರಾಳ ಸಾಕು, ಆದರೆ ಈ ಗಂಡು ಮುಂದಿನ ವರ್ಷವೂ ಬೇಡ ಅಂತಲೇ ಹೇಳ್ತೀನಿ. ಬೇರೆ ಗಂಡು ಸಿಕ್ಕರೆ ಎರಡು ಮೂರು ತಿಂಗಳು ಬೇರೆ ಕೋಣೆಯಲ್ಲಿಟ್ಟು, ಮಲ ಪರೀಕ್ಷೆ ಮಾಡಿಸಿ, ಆಮೇಲೆ ಹತ್ತಿರ ತನ್ನಿ. ನಾಲ್ಕರಿಂದ ಆರು ಮೊಟ್ಟೆ ಸಾಮಾನ್ಯ. ಅಷ್ಟೂ ಮರಿಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಸಾಕಬೇಕು, ಹುಟ್ಟಿದ್ದನ್ನು ನೋಂದಣಿಯಲ್ಲಿ ತಿಳಿಸಬೇಕು. ಯಾರ ಮನೆಗೆ ಹೋಗ್ತವೆ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಸದ್ಯಕ್ಕೆ ಹಾವು ಸುತ್ತಿಕೊಂಡಿರುವಾಗ ಮೇಲಿಂದ ಒಂದು ಫೋಟೋ ತೆಗೆದು ಇಲ್ಲೇ ಹಾಕಿ, ಮೈ ಹೇಗಿದೆ ನೋಡಿ ಹೇಳ್ತೀನಿ.